ನಮ್ಮ ನಾಯಿ ಏನೂ ಮಾಡಂಗಿಲ್ಲ, ಬರ್ರಿ!

ನಾಯಿ ಸಾಕಿದವರ ಮನೆ ಬಾಗಿಲಿಗೆ ಹೋಗಿ ನಿಂತವರೆಲ್ಲರೂ ಕೇಳಿರುವ ಮಾತಿದು. ನೀವು ಅಂಗಳದಲ್ಲಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ನಿಂತಿರುತ್ತೀರಿ. ಹೊಸ್ತಿಲ ಮೇಲೆ ನಾಯಿ ನಿಂತಿರುತ್ತದೆ. ಒಳಗೆ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತ ಯಜಮಾನರು ಅಲ್ಲಿಂದಲೇ ಅಭಯ ನೀಡುತ್ತಾರೆ: 'ಬರ್ರಿ, ಬರ್ರಿ, ನಮ್ಮ ನಾಯಿ ಏನೂ ಮಾಡಂಗಿಲ್ಲ!' ಈ ವಿಷಯದಲ್ಲಿ ನಾಯಿಯ ಅಭಿಪ್ರಾಯವೇನೆಂದು ಯಾರೂ ಕೇಳಿರುವುದಿಲ್ಲ. ಅದು ತನ್ನ ಬಾಯಲ್ಲಿರುವ ಹಲ್ಲುಗಳನ್ನು ಒಂದೊಂದಾಗಿ ತೋರಿಸುತ್ತಿರುತ್ತದೆ. ಮನುಷ್ಯನಿಗೆ ಮೂವತ್ತೆರಡು, ಬೆಳೆದ ನಾಯಿಗೆ ನಲವತ್ತೆರಡು. ಎಣಿಸುವಷ್ಟು ಪುರುಸೊತ್ತು ಆಗ ನಮಗಿರುವುದಿಲ್ಲ, ಅಷ್ಟೆ.

ಕಳೆದ ತಿಂಗಳು ನಮ್ಮೂರು ನರೋಣಾಕ್ಕೆ ಹೋಗಿದ್ದೆ. ಹಿಂದಿರುಗುವಾಗ ಕಲಬುರಗಿಯ ಬಸ್ಸು ಎಂದಿನಂತೆ ತಡವಾಯಿತು. ರಸ್ತೆ ಬದಿಯ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತೆ. ಬೆಂಚಿನ ಕೆಳಗೆ ಒಂದು ಕಂದು ನಾಯಿ ಮಲಗಿತ್ತು. 'ಯಾರದ್ರಿ ಇದು?' ಎಂದು ಸುಮ್ಮನೆ ಕೇಳಿದೆ. ಕೇಳಿದ್ದೇ ತಪ್ಪಾಯಿತು ನೋಡಿ! ಒಂದು ತಾಸು ಬಸ್ಸಿನ ನೆನಪೇ ಆಗಲಿಲ್ಲ.

'ನಂದೇ ರೀ, ಏನ್ ಮಾಡೋದು?' ಎಂದು ನಿಟ್ಟುಸಿರು ಬಿಟ್ಟವರು ಕುರಿ ಕಾಯುವ ಒಬ್ಬ ಮುತ್ಯಾ. ಮಗಳ ಮದುವೆಯ ಸಾಲದ ಬಗ್ಗೆ ಹೇಳುವಾಗ ಬರುವಂಥ ನಿಟ್ಟುಸಿರು. 'ಭಾಳ ಹಠಮಾರಿ ಅದ ರೀ. ರಾತ್ರಿ ಹಟ್ಟಿ ಸುತ್ತ ಮೂರು ಸುತ್ತು ಹಾಕಿದ ಮ್ಯಾಲೇ ಮಲಗ್ತದ. ಎರಡು ಸುತ್ತು ಆದಾಗ ರೊಟ್ಟಿ ತೋರ್ಸಿ ಕರೀರಿ, ಬರಂಗಿಲ್ಲ. ಮೂರನೇದು ಮುಗಿಸೇ ಬರ್ತದ. ತೋಳ ಬಂದ್ರ ಮೈಮ್ಯಾಲೆ ಬೀಳ್ತದ. ಆದ್ರ ನಮ್ಮ ಮನಿ ಬೆಕ್ಕು ಕಂಡ್ರ ನನ್ನ ಕಂಬಳಿಯಾಗ ಬಂದು ಹೊಗ್ತದ!'

ಕಟ್ಟೆಯ ಮೇಲೆ ಕುಳಿತಿದ್ದ ನಿವೃತ್ತ ಮಾಸ್ತರರು ಸುಮ್ಮನಿರಬೇಕಲ್ಲ. ಅವರ ನಾಯಿ ದಿನಾ ಸಾಲೆಗೆ ಹೋಗುತ್ತದಂತೆ. ಪ್ರಾರ್ಥನೆಯ ಗಂಟೆ ಬಾರಿಸುವುದೇ ತಡ, ಓಡಿಹೋಗಿ ಕೊನೆಯ ಸಾಲಿನ ಹಿಂದೆ ನಿಲ್ಲುತ್ತದೆ. ರಾಷ್ಟ್ರಗೀತೆ ಮುಗಿಯುವವರೆಗೆ ಅಲ್ಲಾಡುವುದಿಲ್ಲ. ಮುಗಿದ ಮೇಲೆ ಮೈ ಝಾಡಿಸಿ ಮನೆಗೆ ಬರುತ್ತದೆ. 'ನನ್ನ ಸರ್ವಿಸಿನಾಗ ಇಷ್ಟು ಹಾಜರಿ ಇದ್ದ ವಿದ್ಯಾರ್ಥಿ ನಾ ನೋಡಿಲ್ಲ. ಕಲ್ತದ್ದು ಮಾತ್ರ ಏನೂ ಇಲ್ಲ' ಎಂದು ಅವರು ಗಂಭೀರವಾಗಿಯೇ ಹೇಳಿದರು. ನಾಯಿಯ ಮುಂದೆ ಗಂಟೆ ಬಾರಿಸಿ ಪಾವ್ಲೊವ್ ಎಂಬ ರಷ್ಯದ ವಿಜ್ಞಾನಿ ಏನು ಕಂಡುಕೊಂಡರೆಂದು ನಮ್ಮ ಪಠ್ಯಪುಸ್ತಕಗಳಲ್ಲಿದೆ. ಆದರೆ ಆ ನಾಯಿಗಳಿಗೆ ಗಂಟೆಯ ಹಿಂದೆ ಊಟ ಬರುತ್ತಿತ್ತು. ನರೋಣಾದ ಈ ನಾಯಿಗೆ ರಾಷ್ಟ್ರಗೀತೆಯ ಹಿಂದೆ ಏನೂ ಬರುವುದಿಲ್ಲ. ಆದರೂ ಅದು ಹೋಗುತ್ತದೆ.

ಕಾಯಿಪಲ್ಲೆ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಅವ್ವನೊಬ್ಬಳು ತನ್ನ ನಾಯಿ ಸೋಮವಾರ ತತ್ತಿ ಮುಟ್ಟುವುದಿಲ್ಲ ಎಂದಳು. 'ಖರೇ ರೀ, ಮಲ್ಲಯ್ಯನ ಮ್ಯಾಲೆ ಆಣಿ.' ಪಕ್ಕದಲ್ಲಿದ್ದ ಸೊಸೆ ನಗು ತಡೆಯಲಾರದೆ, 'ಸೋಮಾರ ನಮ್ಮ ಮನ್ಯಾಗ ತತ್ತಿ ಮಾಡಿದ್ರಲ್ಲ, ಅದು ಮುಟ್ಟೋದು?' ಎಂದು ಬಿಟ್ಟಳು. ಅತ್ತೆ ಸೋಲಲಿಲ್ಲ. ಆ ನಾಯಿಗೆ ಕಟಕ ರೊಟ್ಟಿ ಹಾಕಿದರೆ ತಿನ್ನದೆ ಕಚ್ಚಿಕೊಂಡು ಹೋಗಿ ತೊಗರಿ ಹೊಲದಲ್ಲಿ ಹುಗಿಯುತ್ತದೆ, ಎರಡು ದಿನ ಬಿಟ್ಟು ಹೋಗಿ ತೆಗೆಯುತ್ತದೆ, ಯಾವ ಸಾಲಿನಲ್ಲಿ ಹುಗಿದೆನೆಂಬುದನ್ನು ಒಮ್ಮೆಯೂ ಮರೆತಿಲ್ಲ ಎಂದು ಇನ್ನೊಂದು ಸಾಕ್ಷ್ಯ ಮುಂದಿಟ್ಟಳು. ಇದಕ್ಕೆ ಸೊಸೆಯೂ ತಲೆಯಾಡಿಸಿದಳು.

ಇವರೆಲ್ಲರ ಮಾತಿನಲ್ಲಿ ಒಂದು ಸಂಗತಿ ಗಮನಿಸಿದೆ. ಯಾರೊಬ್ಬರೂ 'ನಮ್ಮ ನಾಯಿಯೆಂದರೆ ನನಗೆ ಬಲು ಪ್ರೀತಿ' ಎಂದು ಹೇಳಲಿಲ್ಲ. ಎಲ್ಲರೂ ದೂರು ಹೇಳಿದರು. ಹಠಮಾರಿ, ಅಂಜುಬುರುಕ, ಹುಚ್ಚ, ಕಳ್ಳ. ಶಾಲೆಯ ಪಾಲಕರ ಸಭೆಗೆ ಬಂದ ತಂದೆ 'ನಮ್ಮ ಹುಡುಗ ಒಂದಕ್ಷರ ಓದಂಗಿಲ್ಲ ಸರ್' ಎನ್ನುತ್ತ ಮಗನ ಕಡೆಗೆ ಒಂದು ನೋಟ ನೋಡುತ್ತಾನಲ್ಲ, ಅದೇ ನೋಟ, ಅದೇ ಧಾಟಿ. ನಮ್ಮ ಕಡೆ ಅಕ್ಕರೆಗೆ ದೂರಿನ ಅಂಗಿ ತೊಡಿಸಿಯೇ ಹೊರಗೆ ಕಳಿಸುತ್ತಾರೆ. ದೃಷ್ಟಿಯಾದೀತೆಂಬ ಹೆದರಿಕೆಯೋ, ನಾಚಿಕೆಯೋ, ದೇವರೇ ಬಲ್ಲ.

ಭಾಷೆಯಂತೂ ನಾಯಿಗೆ ಎಂದೂ ನ್ಯಾಯ ಕೊಟ್ಟಿಲ್ಲ. ಕಷ್ಟಪಟ್ಟರೆ ನಾಯಿಪಾಡು, ಕೆಟ್ಟ ಕೆಮ್ಮು ಬಂದರೆ ನಾಯಿಕೆಮ್ಮು, ತಿದ್ದಿಕೊಳ್ಳದವನಿಗೆ ನಾಯಿಬಾಲದ ಹೋಲಿಕೆ. ಬಂಡಿಯ ನೆರಳಿನಲ್ಲಿ ನಡೆಯುವ ನಾಯಿ ಬಂಡಿಯನ್ನು ತಾನೇ ಎಳೆಯುತ್ತಿದ್ದೇನೆ ಎಂದುಕೊಂಡಿತಂತೆ ಎಂಬ ಕೊಂಕು ಬೇರೆ! ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವಾಗ ನಮ್ಮ ನಾಯಿಯೂ ಹಾಗೆಯೇ ಬರುತ್ತಿತ್ತು. ಅದು ಹಾಗೇನೂ ಅಂದುಕೊಂಡಿರಲಿಲ್ಲ ಎಂದು ನಾನು ಹೇಳಬಲ್ಲೆ. ಅದರ ಗಮನವೆಲ್ಲ ಮೇಲಿದ್ದ ಕಡುಬಿನ ಬುಟ್ಟಿಯ ಮೇಲಿತ್ತು.

ಆದರೆ ಇದೇ ಕನ್ನಡದಲ್ಲಿ, ಒಂದು ಸಾವಿರ ವರ್ಷಕ್ಕೂ ಹಿಂದೆ, ಒಂದು ನಾಯಿಯ ಗುಣಗಾನವನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕಾಲ ಕ್ರಿ.ಶ. 949-50. ಆಗ ನಮ್ಮ ಮಳಖೇಡದಿಂದ, ಅಂದರೆ ಮಾನ್ಯಖೇಟದಿಂದ, ಆಳುತ್ತಿದ್ದವನು ರಾಷ್ಟ್ರಕೂಟರ ಮೂರನೆಯ ಕೃಷ್ಣ. ಸೇಡಂ ರಸ್ತೆಯಲ್ಲಿ ಹೋದವರು ಕಾಗಿಣಾ ದಂಡೆಯ ಆ ಕೋಟೆ ನೋಡಿರಬಹುದು. ತಕ್ಕೋಲದಲ್ಲಿ ಚೋಳರೊಡನೆ ದೊಡ್ಡ ಯುದ್ಧವಾಯಿತು. ಕೃಷ್ಣನ ಪರವಾಗಿ ಹೋರಾಡಿದ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರ ಎಂಬ ವೀರನಿಗೆ, ಮೆಚ್ಚಿದೆ, ಬೇಡಿಕೋ ಎಂಬ ಮಾತು ಒಡೆಯನಿಂದ ಬಂತು. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ.

ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ದತ್ತಿ ಕೊಟ್ಟ. ಅಲ್ಲಿನ ಪೂಜಾರಿ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಗಲುವುದೆಂದೂ ಬರೆಸಿದ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಕಚ್ಚಾಡುತ್ತಿರುವ ಚಿತ್ರವಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ದವರು ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೀರಿ. ಅಲ್ಲಿಂದ ಬಹಳ ದೂರವಿಲ್ಲ, ಕಾಳಿಯನ್ನೂ ನೋಡಿಸಿಕೊಂಡು ಬನ್ನಿ. ಚೋಳರನ್ನು ಸೋಲಿಸಿದ ಯುದ್ಧದ ಸುದ್ದಿಯೂ ನಾಯಿಯ ಸುದ್ದಿಯೂ ಒಂದೇ ಕಲ್ಲಿನಲ್ಲಿರುವುದು ಇನ್ನೆಲ್ಲಿದೆ ಹೇಳಿ!

ಅಷ್ಟು ದೂರ ಯಾಕೆ? ನಮ್ಮ ಆಳಂದ ಸೀಮೆಯ ಅಮರ್ಜಾ ಹರಿದು ಹೋಗಿ ಭೀಮೆಯನ್ನು ಸೇರುವಲ್ಲಿ, ಅಫಜಲಪುರ ತಾಲ್ಲೂಕಿನ ಗಾಣಗಾಪುರವಿದೆ. ದತ್ತಾತ್ರೇಯನ ಪಟ ನೋಡಿದ್ದೀರಲ್ಲ, ಕಾಲ ಬಳಿ ನಾಲ್ಕು ನಾಯಿ. ಅವು ನಾಲ್ಕು ವೇದಗಳೆನ್ನುತ್ತಾರೆ. ಮಧ್ಯಾಹ್ನದ ಭಿಕ್ಷೆಯ ಹೊತ್ತಿಗೆ ದತ್ತ ಯಾವ ವೇಷದಲ್ಲಾದರೂ ಬಂದಾನು ಎಂಬ ನಂಬಿಕೆ ಅಲ್ಲಿದೆ. ಆದ್ದರಿಂದ ಆ ಹೊತ್ತಿನಲ್ಲಿ ನಾಯಿಗೆ 'ಹಚಾ' ಎನ್ನಲು ಭಕ್ತರ ನಾಲಗೆ ತಡವರಿಸುತ್ತದೆ. ಆಳಂದದ ದರ್ಗಾದ ಹತ್ತಿರ ಹಿರಿಯರೊಬ್ಬರು ನನಗೆ ಗುಹೆಯಲ್ಲಿ ವರ್ಷಾನುಗಟ್ಟಲೆ ಮಲಗಿದ್ದ ಯುವಕರ ಕತೆ ಹೇಳಿದ್ದರು. ಕುರಾನಿನಲ್ಲಿ ಬರುವ ಆ ಪ್ರಸಂಗದಲ್ಲಿ ಗುಹೆಯ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ್ದದ್ದು ಒಂದು ನಾಯಿ. ಎಲ್ಲರ ದೇವರ ಬಾಗಿಲಲ್ಲೂ ಒಂದು ನಾಯಿ ಇದೆ. ಅಲ್ಲಿಯೂ ಒಳಗಿನವರು 'ಏನೂ ಮಾಡಂಗಿಲ್ಲ, ಬರ್ರಿ' ಎನ್ನುತ್ತಾರೋ ಏನೋ!

ಮತ್ತೆ ಚಹಾ ಅಂಗಡಿಗೆ ಬರೋಣ. ಅಷ್ಟರಲ್ಲಿ ಕಾಲೇಜು ಹುಡುಗನೊಬ್ಬ ಮೊಬೈಲು ಹಿಡಿದು ತನ್ನ ನಾಯಿಯ ಫೋಟೋ ತೋರಿಸಿದ. ಲ್ಯಾಬ್ರಡಾರ್ ಮರಿ, ಹೆಸರು ಬ್ರೂನೋ. 2022ರಲ್ಲಿ ಬಂದ '777 ಚಾರ್ಲಿ' ಸಿನಿಮಾ ನೋಡಿದ ದಿನದಿಂದ ಹಟ ಹಿಡಿದು ಕೊನೆಗೂ ತಂದದ್ದಂತೆ. 'ಫ್ಯಾನ್ ಬಂದ್ ಮಾಡಿದ್ರ ಎದ್ದು ಬಂದು ಸ್ವಿಚ್ಚಿನ ಕೆಳಗ ಕುಂತು ಒದರ್ತದ ರೀ' ಎಂದು ಹೆಮ್ಮೆಪಟ್ಟ. ಪಾಪ, ಒದರದೆ ಏನು ಮಾಡೀತು? ನಾಯಿಗೆ ನಮ್ಮಂತೆ ಮೈತುಂಬ ಬೆವರುವುದಕ್ಕೆ ಬರುವುದಿಲ್ಲ. ನಾಲಗೆ ಚಾಚಿ ತೇಕುವುದು, ಅಂಗಾಲಿನಲ್ಲಿ ಒಂದಿಷ್ಟು ಬೆವರುವುದು, ಅಷ್ಟೇ ಅದರ ಉಪಾಯ. ದಪ್ಪ ತುಪ್ಪಳದ ಆ ತಳಿಗೆ ನಮ್ಮ ಮೇ ತಿಂಗಳ ಬಿಸಿಲು ಶಿಕ್ಷೆಯೇ ಸರಿ. ಆ ಸಿನಿಮಾದ ಚಾರ್ಲಿಯೂ ಮರಿ ಮಾರುವ ಕ್ರೂರಿಯ ಮನೆಯಿಂದ ತಪ್ಪಿಸಿಕೊಂಡು ಬಂದದ್ದೇ ಎಂಬುದನ್ನು ನೋಡಿದವರೂ ಮರೆತಿರುತ್ತಾರೆ. ನಮ್ಮ ನಾಡಿನದೇ ನಾಯಿ ಬೇಕೆಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳದ ತೆಳ್ಳನೆಯ ಬೇಟೆನಾಯಿ ಇದೆಯಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಸೈನ್ಯದ ತರಬೇತಿಗೂ ಹೋಯಿತು. ಆದರೆ ಅದಕ್ಕೆ ಓಡಲು ಬಯಲು ಬೇಕು. ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕಿದರೆ ಅದಕ್ಕೂ ಶಿಕ್ಷೆಯೇ. ಏನೂ ಬೇಡ, ಬೆಂಚಿನ ಕೆಳಗೆ ಮಲಗಿದ್ದ ಆ ಕಂದು ನಾಯಿಯಂಥದ್ದು ಓಣಿಗೆ ಹತ್ತು ಸಿಗುತ್ತವೆ. ಅದಕ್ಕೆ ಫ್ಯಾನೂ ಬೇಡ, ಬಯಲೂ ಬೇಡ. ಒಂದು ಬೋಗುಣಿ ನೀರು, ಒಂದು ಚೂರು ರೊಟ್ಟಿ. ಉಳ್ಳಾಗಡ್ಡಿ ಹಾಕಿದ ಪಲ್ಯ ಮಾತ್ರ ಬೇಡ. ನಾಯಿಯ ರಕ್ತಕ್ಕೆ ಅದು ಆಗುವುದಿಲ್ಲ.

'ಬ್ರೂನೋಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕ್ಸೀಯೇನಪ್ಪ?' ಎಂದು ಮಾಸ್ತರರು ಕೇಳಿದರು. ಹುಡುಗ ನಕ್ಕ. 'ಇಲ್ರಿ ಸರ್, ಅದು ಮನಿ ಬಿಟ್ಟು ಹೊರಗ ಹೋಗಂಗೇ ಇಲ್ಲ. ಏನೂ ಮಾಡಂಗಿಲ್ರಿ.'

ಆ ಮಾತು ಕೇಳಿ ನನ್ನ ಬಲಗಾಲಿನ ಮೀನಖಂಡ ಒಮ್ಮೆ ಜುಮ್ಮೆಂದಿತು. ಅಲ್ಲಿ ಎರಡು ಸಣ್ಣ ಕಲೆಗಳಿವೆ. ಐವತ್ತು ವರ್ಷದ ಹಿಂದಿನವು.

ನಮ್ಮ ಮನೆಯಲ್ಲೂ ಒಂದು ಕರಿ ನಾಯಿ ಇತ್ತು. ಹೆಸರು ಕಾಳ್ಯಾ. ಆತಕೂರಿನ ಕಾಳಿಯ ಸುದ್ದಿ ನಮಗೆ ಯಾರಿಗೂ ಗೊತ್ತಿರಲಿಲ್ಲ. ಕರಿ ನಾಯಿಗೆ ಇನ್ನೇನು ಹೆಸರಿಡುತ್ತಾರೆ? ನಾನೇ ಸಂತೆಯ ದಿನ ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದ ಮರಿ. ಅಪ್ಪನಿಗೆ ನಾಯಿಯೆಂದರೆ ಆಗುತ್ತಿರಲಿಲ್ಲ. ಆಯಿಯ ಮಾತಿಗೆ ಕಟ್ಟುಬಿದ್ದು ಒಪ್ಪಿದರು. ಆದರೆ ಅಂದೇ ಕರಾರು ಹಾಕಿದರು: 'ಯಾರಿಗರೆ ಬಾಯಿ ಹಾಕ್ತು ಅಂದ್ರ, ಅವತ್ತೇ ಹೊಳಿ ದಾಟ್ಸಿ ಬಿಟ್ಟು ಬರ್ತೀನಿ.'

ನಾನಾಗ ಆರನೆಯ ಇಯತ್ತೆ. ತೊಗರಿ ರಾಶಿಯ ಕಾಲ, ಒಂದು ಸೋಮವಾರ. ಕಾಳ್ಯಾ ಎಲ್ಲಿಂದಲೋ ಎಲುಬು ತಂದು ಗ್ವಾದಲಿಯ ಮರೆಯಲ್ಲಿ ಕಡಿಯುತ್ತಿತ್ತು. ನಾನು ಆಟಕ್ಕೆ ಅದನ್ನು ಎಳೆದೆ. ಗುರ್ ಎಂದಿತು. ಮತ್ತೆ ಎಳೆದೆ. ಮುಂದಿನದು ಒಂದು ಕ್ಷಣ. ಕಾಲಲ್ಲಿ ರಕ್ತ ಬಂತು. ಕಾಳ್ಯಾ ಎಲುಬು ಅಲ್ಲಿಯೇ ಬಿಟ್ಟು, ಕಿವಿ ಹಿಂದಕ್ಕೆ ಒತ್ತಿಕೊಂಡು, ನನ್ನ ಕಾಲ ಬಳಿ ಬಂದು ಕುಳಿತಿತು. ನನಗೆ ನೋವಿಗಿಂತ ಮೊದಲು ನೆನಪಾದದ್ದು ಹೊಳೆ.

ಪಾಯಜಾಮಾ ಹಾಕಿಕೊಂಡು ಮೂರು ದಿನ ಮುಚ್ಚಿಟ್ಟೆ. ಬುಧವಾರ ಸಂಜೆ ಕುಂಟುವುದನ್ನು ಕಂಡು ಆಯಿ ಹಿಡಿದುಬಿಟ್ಟಳು. ಮೊದಲು ಸುಣ್ಣ, ಅರಿಶಿಣ ಮೆತ್ತಿದಳು. ಆಮೇಲೆ ಅಪ್ಪನ ವಿಚಾರಣೆ. 'ಯಾವ ನಾಯಿ?' 'ಓಣಿ ನಾಯಿ.' 'ಯಾವ ಓಣಿ?' 'ಗೊತ್ತಿಲ್ಲ, ಓಡಿ ಹೋಯ್ತು.' ಕಾಳ್ಯಾ ಅಲ್ಲಿಯೇ ಕಂಬದ ಪಕ್ಕ ಕುಳಿತು ನಮ್ಮಿಬ್ಬರ ಮುಖವನ್ನೂ ನೋಡುತ್ತಿತ್ತು.

ಮರುದಿನ ಗುಲ್ಬರ್ಗದ ದವಾಖಾನೆ. (ಆಗ ಊರಿನ ಹೆಸರು ಅದೇ ಇತ್ತು, ಕಲಬುರಗಿಯಾದದ್ದು 2014ರಲ್ಲಿ.) ಆ ಕಾಲದ ಚಿಕಿತ್ಸೆ ಈಗಿನ ಮಕ್ಕಳಿಗೆ ಗೊತ್ತಿಲ್ಲದಿರುವುದೇ ಪುಣ್ಯ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದರಂತೆ. ನಾಯಿ ಯಾವುದೆಂದು ತಿಳಿಯದ ಮೇಲೆ ಹದಿನಾಲ್ಕೂ ಆಗಲೇಬೇಕು ಎಂದರು ಡಾಕ್ಟರು. ಮೂರನೆಯ ಸೂಜಿಗೆ ನನ್ನ ಸತ್ಯಸಂಧತೆ ಜಾಗೃತವಾಯಿತು. ಶನಿವಾರ, ಅದೇ ಬಾಕಿನ ಮೇಲೆ ಮಲಗಿಕೊಂಡು, 'ನಮ್ಮ ಕಾಳ್ಯಾನೇ' ಎಂದೆ. ಅಪ್ಪ ನನ್ನ ಕಡೆ ನೋಡಿದರು. ಹೊಡೆಯಲಿಲ್ಲ. ಡಾಕ್ಟರು ಮಾತ್ರ ಕುರ್ಚಿಯಲ್ಲಿ ಮುಂದೆ ಬಾಗಿ ಕೇಳಿದರು: 'ನಾಯಿ ಹ್ಯಾಂಗದ? ಊಟ ಮಾಡ್ತದ? ನೀರು ಕುಡೀತದ?' ನಂತರ ಅಪ್ಪನಿಗೆ, 'ಅದನ್ನ ಕಟ್ಟಿಹಾಕ್ರಿ. ಹೊಡೀಬ್ಯಾಡ್ರಿ, ಎಲ್ಲೂ ಬಿಟ್ಟು ಬರಬ್ಯಾಡ್ರಿ. ಕಚ್ಚಿದ ದಿನದಿಂದ ಹತ್ತು ದಿನ ಆ ನಾಯಿ ಆರಾಮಿದ್ರ, ನಿಮ್ಮ ಹುಡುಗನೂ ಆರಾಮ. ಅಲ್ಲೀ ತನಕ ಸೂಜಿ ಬಿಡಂಗಿಲ್ಲ' ಎಂದರು.

ಹೊಳೆ ದಾಟಿಸುತ್ತೇನೆಂದಿದ್ದ ಅಪ್ಪ ಅಂದಿನಿಂದ ನಾಯಿಯ ಕಾವಲಿಗೆ ಕುಳಿತರು. ಬೆಳಗಿನ ಜಾವ ನನಗೆ ಎಚ್ಚರವಾದಾಗ ಅಂಗಳದಲ್ಲಿ ಕಂದೀಲಿನ ಬೆಳಕು ಅಲ್ಲಾಡುತ್ತಿತ್ತು. ಕಾಳ್ಯಾ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದರು. ನೀರಿನ ಬೋಗುಣಿ ಮುಂದಿಟ್ಟು, ಅದು ಕುಡಿಯುವವರೆಗೂ ತಾವು ಚಹಾ ಮುಟ್ಟುತ್ತಿರಲಿಲ್ಲ. ರಾಶಿ ಕಣದಲ್ಲಿ ಬಿದ್ದಿತ್ತು. ದಿನಾ ನನ್ನನ್ನು ಗುಲ್ಬರ್ಗಕ್ಕೆ ಕರೆದೊಯ್ದು ತಂದು, ಬಂದವರೇ ಅಂಗಿ ಕೂಡ ತೆಗೆಯದೆ ನಾಯಿಯ ಹತ್ತಿರ ಹೋಗುತ್ತಿದ್ದರು. ರಾತ್ರಿ ಊಟದ ಹೊತ್ತಿಗೆ ವರದಿ. 'ಮಲಗೋ ಮುಂಚೆ ಮೂರು ಸಲ ತಿರುಗ್ತದ, ನೋಡಿದೇನು?' 'ನೀರಿನ್ಯಾಗ ಮೊದಲ ಕಾಲಿಟ್ಟು ನೋಡ್ತದ, ಆಮ್ಯಾಲೆ ಕುಡೀತದ.' 'ಎಡಗಿವಿ ಒಂದೇ ನಿಂದರ್ತದ, ಬಲದ್ದು ಬೀಳ್ತದ.' ಎರಡು ವರ್ಷದಿಂದ ಮನೆಯಲ್ಲಿದ್ದ ನಾಯಿಯನ್ನು ಅವರು ಆಗ ಮೊದಲ ಸಲ ನೋಡುತ್ತಿದ್ದರು.

ಇಲ್ಲೊಂದು ಮಾತು ಪಾಲಕರಿಗೆ. ಮಕ್ಕಳು ನಾಯಿ ಕಚ್ಚಿದ್ದನ್ನು ಮುಚ್ಚಿಡುವುದು ನೋವಿಲ್ಲವೆಂದಲ್ಲ. ಬೈಗುಳಕ್ಕೆ ಅಂಜಿ, ಇಲ್ಲವೇ ನಾಯಿಯನ್ನು ಉಳಿಸಲಿಕ್ಕೆ. ರೇಬಿಸ್ ಒಮ್ಮೆ ಲಕ್ಷಣ ತೋರಿಸಿತೆಂದರೆ ಬದುಕಿ ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದಕ್ಕೂ ಮುಂಚೆ ಚಿಕಿತ್ಸೆ ತೆಗೆದುಕೊಂಡರೆ ಪೂರ್ಣವಾಗಿ ತಡೆಯಬಹುದು. ಲೂಯಿ ಪಾಶ್ಚರ್ 1885ರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಮೊದಲ ಲಸಿಕೆ ಕೊಟ್ಟಾಗಿನಿಂದ ಜಗತ್ತಿಗೆ ಇದು ಗೊತ್ತಿದೆ. ಈಗ ಹೊಕ್ಕಳ ಸುತ್ತಿನ ಸೂಜಿ ಇಲ್ಲವೇ ಇಲ್ಲ. ತೋಳಿಗೆ ನಾಲ್ಕೈದು ಸಲ, ಡಾಕ್ಟರು ಹೇಳಿದ ದಿನಗಳಂದು ತಪ್ಪದೆ. ಗಾಯ ಆಳವಾಗಿದ್ದರೆ ಅದರ ಜೊತೆ ಇನ್ನೊಂದು ಔಷಧವನ್ನು ಗಾಯದ ಸುತ್ತಲೇ ಕೊಡುತ್ತಾರೆ. ನಮ್ಮ ಆಯಿಯ ಸುಣ್ಣ, ಅರಿಶಿಣ, ಕೆಲವರು ಹಚ್ಚುವ ಖಾರದ ಪುಡಿ, ಯಾವುದೂ ಬೇಡ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು, ಅಲ್ಲಿಂದ ನೇರ ದವಾಖಾನೆಗೆ. ಉಗುರಿನಿಂದ ಗೀರಿದ್ದರೂ, ಕಚ್ಚಿದ್ದು ಕಣ್ಣು ಬಿಟ್ಟ ಮರಿಯೇ ಆದರೂ, ಮನೆಯದೇ ನಾಯಿಯಾದರೂ. ಹತ್ತು ದಿನ ನಾಯಿಯನ್ನು ನೋಡುವುದು ಸರಿ, ಆದರೆ ನೋಡಿ ಆಮೇಲೆ ಲಸಿಕೆ ಹಾಕಿಸೋಣ ಎಂದು ಕಾಯುವಂತಿಲ್ಲ. ಇನ್ನು ನಾಯಿಗಾದರೋ ಮರಿಗೆ ಮೂರು ತಿಂಗಳಾದಾಗ ಒಂದು ಸೂಜಿ, ಆಮೇಲೆ ದನದ ಡಾಕ್ಟರು ಹೇಳಿದಂತೆ ವರ್ಷ ವರ್ಷ. ನಾನಿದನ್ನು ಹೇಳುತ್ತಿದ್ದಂತೆ ಬ್ರೂನೋನ ಯಜಮಾನ ಮೊಬೈಲು ಕಿಸೆಯಲ್ಲಿಟ್ಟು ಸುಮ್ಮನೆ ಕೇಳುತ್ತಿದ್ದ. 'ದನದ ದವಾಖಾನಿ ಎಷ್ಟೊತ್ತಿಗೆ ತಗೀತಾರ್ರಿ?' ಎಂದು ಮಾಸ್ತರರನ್ನು ಕೇಳಿದ. ಅಷ್ಟರಲ್ಲಿ ಬಸ್ಸು ಬಂತು.

ಕಾಳ್ಯಾನ ಸುದ್ದಿ ಅರ್ಧಕ್ಕೆ ನಿಂತಿತಲ್ಲ. ಹತ್ತನೆಯ ದಿನ, ಗುರುವಾರ, ನನ್ನ ಎಂಟನೆಯ ಸೂಜಿ ಮುಗಿಯಿತು. ಅಪ್ಪ ಡಾಕ್ಟರಿಗೆ ನಾಯಿಯ ಸಮಾಚಾರ ಹೇಳಿದರು. ಎಷ್ಟು ರೊಟ್ಟಿ, ಎಷ್ಟು ನೀರು, ಎಡಗಿವಿ, ಬಲಗಿವಿ, ಎಲ್ಲ. ಡಾಕ್ಟರು ನಕ್ಕು ಸಾಕೆಂದರು. ಮರುದಿನ ಬೆಳಿಗ್ಗೆ ಅಪ್ಪ ಹಗ್ಗ ಬಿಚ್ಚಿದರು. ಕಾಳ್ಯಾ ಎದ್ದು ಮೈ ಮುರಿದು, ಅಲ್ಲಿಯೇ ಮೂರು ಸುತ್ತು ತಿರುಗಿ, ಅದೇ ಜಾಗದಲ್ಲಿ ಮತ್ತೆ ಮಲಗಿತು. 'ಬಿಚ್ಚಿದ್ದು ಇದಕ್ಕ ಗೊತ್ತೇ ಆಗಿಲ್ಲ ನೋಡವ್ವ, ಹುಚ್ಚ ಅದ' ಎಂದು ಅಪ್ಪ ಆಯಿಗೆ ಹೇಳಿದರು. ಕಣದ ಕಡೆ ಹೋಗುವುದು ಬಿಟ್ಟು ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದರು.

ಕಾಳ್ಯಾ ಅದಾದ ಮೇಲೆ ಒಂಬತ್ತು ವರ್ಷ ಬದುಕಿತು. ಯಾರಾದರೂ ಮನೆಗೆ ಬಂದು ಬಾಗಿಲಲ್ಲಿ ಹಿಂದೆಮುಂದೆ ನೋಡಿದರೆ ಅಪ್ಪ ಒಳಗಿನಿಂದ ಕೂಗುತ್ತಿರಲಿಲ್ಲ. ಎದ್ದು ಹೊರಗೆ ಬಂದು, ನಾಯಿಯ ಕೊರಳ ಮೇಲೆ ಕೈಯಿಟ್ಟು ನಿಂತು ಹೇಳುತ್ತಿದ್ದರು: 'ಬರ್ರಿ, ಏನೂ ಮಾಡಂಗಿಲ್ಲ. ಒಮ್ಮೆ ಮಾಡ್ಯದ. ಅದೂ ನಮ್ಮ ಹುಡುಗಂದೇ ತಪ್ಪು.'